ಅತ್ತಿಗೆ ಹಾಡದ ಹೆಸರು

ನಮ್ಮ ಕಡೆಯ ಮದುವೆಗಳಲ್ಲಿ ಡಿಜೆಯವನು ತಪ್ಪದೆ ಹಾಕುವ ಹಾಡೊಂದಿದೆ. "ಯಾರವ್ವಾ ಆತ? ಹೇಳವ್ವಾ, ಯಾರಾತ?" ಎಂದು ಕೋರಸ್ ಕೇಳುತ್ತದೆ. ವಾದ್ಯಗಳೆಲ್ಲ ನಿಲ್ಲುತ್ತವೆ. ಒಂದು ಗಳಿಗೆ ಹಾಡು ಖಾಲಿ. ಆ ಖಾಲಿಯಲ್ಲಿ ಇಡೀ ಮಂಟಪ ಮದುಮಗನ ಹೆಸರು ಕೂಗುತ್ತದೆ. ಕಂಪ್ಲಿಯ ಕಬ್ಬಿನ ಟ್ರ್ಯಾಕ್ಟರು, ಹಂಪಿಯ ಆಟೋ, ಸಂಡೂರಿನ ಅದಿರು ಲಾರಿ, ಎಲ್ಲದರಲ್ಲೂ ಅದೇ ಹಾಡು. "ಎಂಥಾ ಐಡಿಯಾ ಸರ ನಿಮ್ದು, ಮಸ್ತ್!" ಎಂದು ಜನ ನನ್ನ ಬೆನ್ನು ತಟ್ಟುತ್ತಾರೆ. ತಟ್ಟಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಆ ಖಾಲಿಯನ್ನು ನಾನು ಬರೆದಿಲ್ಲ ಮಾರಾಯರೆ. ಅಲ್ಲಿ ನಾನು ಬರೆದದ್ದು ಒಂದು ಹೆಸರು. ಅದನ್ನು ನಮ್ಮ ಅತ್ತಿಗೆ ಹಾಡಲಿಲ್ಲ, ಅಷ್ಟೆ.

ಕಂಪ್ಲಿಯ ಬಸ್‌ಸ್ಟ್ಯಾಂಡ್ ಹತ್ತಿರದ ಫ್ಲೆಕ್ಸ್ ಅಂಗಡಿಯಲ್ಲಿ ನನ್ನ ಕೆಲಸ. ಮದುವೆ ಬ್ಯಾನರಿನಲ್ಲಿ ಹೆಣ್ಣು ಗಂಡಿನ ಫೋಟೊ ಕೆಳಗೆ ಎರಡು ಸಾಲು ಪ್ರಾಸ ಕಟ್ಟಿ ಹಾಕುತ್ತಿದ್ದೆ. ಜನ ಫೋಟೊ ನೋಡುತ್ತಿದ್ದರೇ ಹೊರತು ನನ್ನ ಸಾಲು ಓದುತ್ತಿರಲಿಲ್ಲ. ಹಾಡಾದರೆ ಕಿವಿಗಾದರೂ ಬಿದ್ದೀತು ಎಂದು ಒಡಪಿನ ಧಾಟಿಯಲ್ಲಿ ಒಂದು ಹಾಡು ಬರೆದೆ. ಒಡಪು ಎಂದರೆ ಗೊತ್ತಲ್ಲ, ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಹೆಂಗಸರು ಪ್ರಾಸದಲ್ಲಿ ಅಡಗಿಸಿ ಹೇಳುವುದು. ಹೊಸ ಮದುಮಗಳು ಮನೆಯೊಳಗೆ ಕಾಲಿಡುವ ಮೊದಲು ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಒಡಪು ಹೇಳಿಸಿಯೇ ಒಳಗೆ ಬಿಡುತ್ತಾರೆ.

"ಕಬ್ಬಿನ ಗಾಡಿ ಬಂತವ್ವ ಕಾಲುವಿ ದಾರ್‍ಯಾಗ, ಬೆಲ್ಲದಂಥ ನಗಿಯಿಟ್ಟಾನ ಬಿಳಿ ಅಂಗಿ ಕಿಸೆದಾಗ" ಎಂದು ಶುರು. ಪ್ರತಿ ಚರಣದ ತುದಿಗೆ "ಯಾರಾತ?" ಎಂಬ ಪ್ರಶ್ನೆ, ಆಮೇಲೆ ಹೆಸರು. ಹೆಸರು ಬಿದ್ದರೆ ಹಾಡು, ಇಲ್ಲದಿದ್ದರೆ ಇಲ್ಲ.

ಹಾಡಲು ಅತ್ತಿಗೆಯೇ ಬೇಕಿತ್ತು. ಆಕೆಯದು ನಾಟಿ ಗದ್ದೆಯಲ್ಲಿ ಈ ಬದುವಿನಿಂದ ಆ ಬದುವಿಗೆ ಮುಟ್ಟುವ ಗಂಟಲು. ಅಕ್ಕಿ ಮಿಲ್ಲಿನ ಮೂಟೆ ಸಾಗಿಸುವ ಗೂಡ್ಸ್ ಗಾಡಿ ಓಡಿಸುವ ನಮ್ಮಣ್ಣ ತಾನೇ ಆಕೆಯನ್ನು ಹೊಸಪೇಟೆಯ ಸ್ಟುಡಿಯೋಗೆ ಕರೆದೊಯ್ಯಲು ಒಪ್ಪಿದ. ಆದರೆ ಒಂದು ಷರತ್ತು.

"ಹಾಡಿನ್ಯಾಗ ನನ್ನ ಹೆಸರು ಹಾಕಲೇ."

"ಯಾಕಣ್ಣಾ?"

"ಮದುವಿ ದಿನ ಬಾಗಲದಾಗ ಒಡಪು ಹೇಳಿದ್ಲಂತ. ಬ್ಯಾಂಡಿನವ್ರ ಗದ್ದಲದಾಗ ನನಗ ಕೇಳಿಸ್ಲೇ ಇಲ್ಲ. ಅವತ್ತಿಂದ ಬರೇ 'ರೀ, ರೀ.' ಒಮ್ಮೆರ ಆಕಿ ಬಾಯಾಗ ಕೇಳಬೇಕಲೇ."

ಪಾಪ ಅನ್ನಿಸಿ ಹಾಕಿದೆ. ಪ್ರಾಸವೂ ಚೆನ್ನಾಗಿ ಕೂತಿತು. ಪಲ್ಲವಿ, ಚರಣ ಎಲ್ಲವನ್ನೂ ಆ ಹೆಸರಿನ ತಾಳಕ್ಕೆ ಹೊಂದಿಸಿ ತಿದ್ದಿದೆ. ಅತ್ತಿಗೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಕಲಿತರು. ಹೆಸರಿನ ಜಾಗದಲ್ಲಿ "ಹೂಂ ಹೂಂ" ಅನ್ನುತ್ತಿದ್ದರು. ಮೈಕಿನ ಮುಂದೆ ಹಾಡಿಯಾರು ಎಂದುಕೊಂಡೆ.

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಆ ಸ್ಟುಡಿಯೋ ಇದ್ದದ್ದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ. ಗೋಡೆ ತುಂಬ ಮೊಟ್ಟೆಯ ಟ್ರೇ, ಬಾಗಿಲಿಗೆ ಕಂಬಳಿ. ಗಿರಣಿ ಓಡುವಾಗ ನೆಲವೇ ನಡುಗುತ್ತಿತ್ತು. ಕರೆಂಟು ಹೋದರೆ ಗಿರಣಿ ನಿಲ್ಲುತ್ತಿತ್ತು, ಜೊತೆಗೆ ಕಂಪ್ಯೂಟರೂ ನಿಲ್ಲುತ್ತಿತ್ತು. ಹೀಗಾಗಿ ರೆಕಾರ್ಡಿಂಗ್ ಏನಿದ್ದರೂ ಗಿರಣಿಯವನು ಮಧ್ಯಾಹ್ನ ಊಟಕ್ಕೆ ಹೋದಾಗ. ಶಬ್ದ ಬರುತ್ತದೆಂದು ಫ್ಯಾನೂ ಬಂದ್. ಹೊಸಪೇಟೆಯ ಬಿಸಿಲಿನಲ್ಲಿ ಕಂಬಳಿ ಮುಚ್ಚಿದ ಕೋಣೆ ಹೇಗಿರುತ್ತದೆಂದು ನೀವೇ ಊಹಿಸಿ.

ಕೋರಸ್ಸಿನ ಹುಡುಗಿಯರು ಮೊದಲೇ ಹಾಡಿ ಹೋಗಿದ್ದರು. ಗಿರಣಿ ನಿಂತಿತು. ಅತ್ತಿಗೆ ಹೆಡ್‌ಫೋನಿನ ಮೇಲೆ ಸೆರಗು ಹೊದ್ದು ನಿಂತರು. ಎಂಥ ದನಿ! ಸ್ಟುಡಿಯೋದವನು ಕೂತಲ್ಲಿಂದ ಎದ್ದು ನಿಂತ. "ಯಾರಾತ?" ಎಂದಿತು ಕೋರಸ್. ಅಣ್ಣ ಮುಂದಕ್ಕೆ ಬಾಗಿದ. ಅತ್ತಿಗೆ ಬಾಯಿ ತೆರೆದರು, ಉಸಿರೆಳೆದುಕೊಂಡರು, ಬಾಯಿ ಮುಚ್ಚಿದರು. ಮುಂದಿನ ಚರಣಕ್ಕೆ ಹೋದರು.

"ಅತ್ಗೀ, ಹೆಸರು!"

"ಹೋಗ ತಮ್ಮಾ, ನಾ ಹೆಂಗ ಹೇಳ್ಲಿ?"

"ಇದು ಒಡಪಲ್ಲೇನು? ಒಡಪಿನ್ಯಾಗ ಹೇಳಬೋದಲ್ಲ!"

"ಒಡಪಿಗೆ ಬಾಗಲಾ ಹಿಡಿದು ಕೇಳೋ ಹೆಂಗಸ್ರು ಬೇಕು. ಇಲ್ಲಿ ಯಾರದಾರ?"

"ಹೆಡ್‌ಫೋನಿನ್ಯಾಗ ಕೇಳಾಕತ್ತಿಲ್ಲೇನು ಹುಡುಗ್ಯಾರು?"

"ಅವರು ಕಿವಿಯಾಗದಾರ, ಬಾಗಲದಾಗಿಲ್ಲ."

ಸ್ಟುಡಿಯೋದವನು ಗಡಿಯಾರ ನೋಡುತ್ತ, "ಅಕ್ಕಾರ, ಬ್ಯಾರೆ ಹೆಸರು ಹಾಕ್ರಿ, ಜಲ್ದಿ ಮುಗಸೋಣ" ಎಂದ. ಅತ್ತಿಗೆ ಅವನನ್ನು ನೋಡಿದ ನೋಟಕ್ಕೆ ಅವನು ಮತ್ತೆ ಕುರ್ಚಿಯಲ್ಲಿ ಕೂತ. "ಒಡಪಿನ್ಯಾಗ ಪರಗಂಡಸಿನ ಹೆಸರು ಹೇಳ್ಲೇನು? ಏನು ಮಾತು ಅಂತ ಆಡ್ತೀರಿ?"

ಗಂಡನ ಹೆಸರು ಹೇಳುವಂತಿಲ್ಲ, ಬೇರೆಯವರ ಹೆಸರು ಹೇಳುವಂತೆಯೇ ಇಲ್ಲ. ನನ್ನ ಇಡೀ ಹಾಡು ಆ ಸಣ್ಣ ಸಂದಿಯಲ್ಲಿ ಸಿಕ್ಕಿ ಒದ್ದಾಡುತ್ತಿತ್ತು. ಅಣ್ಣ ಎದ್ದು ಹೋಗಿ ಬಾಗಿಲಿನ ಚೌಕಟ್ಟಿಗೆ ಎರಡೂ ಕೈ ಕೊಟ್ಟು ನಿಂತ.

"ತಗೋ, ನಾನ ಬಾಗಲಾ ಹಿಡಿದೀನಿ. ಹೇಳು."

ಅತ್ತಿಗೆ ಕಿಸಕ್ಕನೆ ನಕ್ಕರು. "ಗಂಡನೇ ಬಾಗಲಾ ಹಿಡಿದು ನಿಂತ್ರ ಯಾರು ಒಡಪು ಹೇಳ್ತಾರ್ರೀ? ಅತ್ಲಾಗ ಸರೀರಿ, ನಾಚಿಕಿ ಆಗ್ತೈತಿ."

ಅಣ್ಣನ ಮುಖ ನೋಡಲಾಗಲಿಲ್ಲ. ನಾನು ಕೈಮುಗಿದೆ, ಕೂಗಾಡಿದೆ, ಹಾಡಿನ ಹಾಳೆಯನ್ನು ನೆಲಕ್ಕೆಸೆದೆ. ಆಕೆ ಅದನ್ನೆತ್ತಿ ಧೂಳು ಒರೆಸಿ ನನ್ನ ಕೈಗಿಟ್ಟರು. ಮತ್ತೆ ಹಾಡಿಸಿದರೂ ಅದೇ ಕತೆ. ಬಾಯಿ ತೆರೆಯುತ್ತಿತ್ತು, ಉಸಿರು ಒಳಗೆ ಹೋಗುತ್ತಿತ್ತು, ಹೆಸರು ಮಾತ್ರ ಹೊರಗೆ ಬರುತ್ತಿರಲಿಲ್ಲ. ಅಷ್ಟರಲ್ಲಿ ಗಿರಣಿಯವನು ಊಟ ಮುಗಿಸಿ ಬಂದು ಬೆಲ್ಟು ಎಳೆದ. ನೆಲ ನಡುಗಿತು. ರೆಕಾರ್ಡಿಂಗ್ ಮುಗಿಯಿತು.

"ಜಾಗ ಖಾಲಿನ ಇರ್ಲಿ ಬಿಡ್ರಿ, ಆ ಉಸುರಿನ ಸಪ್ಪಳ ಅಷ್ಟ ತೆಗೆದು ಸಾಫ್ ಮಾಡ್ತೀನಿ" ಎಂದ ಸ್ಟುಡಿಯೋದವನು.

ಬಾಗಿಲಲ್ಲೇ ನಿಂತಿದ್ದ ಅಣ್ಣ, "ಅದನ್ನ ಮುಟ್ಟಬ್ಯಾಡ್ರಿ" ಎಂದ.

ಆಮೇಲಿನದು ಎಲ್ಲರಿಗೂ ಗೊತ್ತು. ಎಮ್ಮಿಗನೂರಿನ ಒಂದು ಮದುವೆಯಲ್ಲಿ ಯಾರೋ ಪುಂಡರು ಆ ಖಾಲಿಯಲ್ಲಿ ಮದುಮಗನ ಹೆಸರು ಕೂಗಿದರು, ಹಾಡು ಹತ್ತಿಕೊಂಡಿತು. ನಾನು ಕಷ್ಟಪಟ್ಟು ಕಟ್ಟಿದ ಚರಣಗಳಿಗೆ ಯಾರೂ ಕಿವಿ ಕೊಡುವುದಿಲ್ಲ. ಖಾಲಿ ಯಾವಾಗ ಬರುತ್ತದೆಂದು ಕಾಯುತ್ತಾರೆ. ಬರೆಯದೆ ಬಿಟ್ಟ ಜಾಗದಿಂದ ಹೆಸರು ಮಾಡಿದ ಕವಿ ನಾನೊಬ್ಬನೇ ಇರಬೇಕು.

ಮೊನ್ನೆ ಅಣ್ಣನ ಗಾಡಿಯಲ್ಲಿ ಕೂತಿದ್ದೆ. ಮಿಲ್ಲಿನ ಮುಂದೆ ಸರದಿ. ಅವನು ಹಾಡು ಹಾಕಿ ಎಂಜಿನ್ ಆಫ್ ಮಾಡಿದ. "ಯಾರಾತ?" ಎಂದು ಕೋರಸ್ ಕೇಳಿದ್ದೇ ವಾಲ್ಯೂಮ್ ಪೂರ್ತಿ ತಿರುವಿದ. ಸ್ಪೀಕರಿನಲ್ಲಿ ಅತ್ತಿಗೆಯ ಉಸಿರು, ಅಷ್ಟೆ. ಅವನು ಕಣ್ಣು ಮುಚ್ಚಿದ್ದ. ಅಲ್ಲಿಗೇ ಹಿಂದಕ್ಕೆ ಎಳೆದು ಮತ್ತೊಮ್ಮೆ ಹಾಕಿದ. ನನಗೆ ರೇಗಿಹೋಯಿತು.

"ಅಣ್ಣಾ, ಅಲ್ಲೇನೈತಿ ಅಂತ ಕೇಳ್ತಿ? ಆಕಿ ಹೇಳೇ ಇಲ್ಲ. ನನಗಂತೂ ಏನೂ ಕೇಳಿಸ್ಲಿಲ್ಲ."

ಅವನು ಕಣ್ಣು ತೆರೆಯಲಿಲ್ಲ.

"ನಿನಗ ಹೆಂಗ ಕೇಳಿಸ್ತೈತಲೇ? ನೀನೇನು ಆಕಿ ಗಂಡನಾ?"