ಅಂಟಿಕೊಂಡ ಕ್ಲಚ್, ಹಿಂದೆ ನಿಂತ ಅಪ್ಪ

ಕಳೆದ ಭಾನುವಾರ ಅಪ್ಪ ಹಳೇ ಟ್ರ್ಯಾಕ್ಟರಿಗೂ ಇಟ್ಟಿಗೆ ಗೋಡೆಗೂ ನಡುವೆ ನಿಂತು, ಕೈ ಬೀಸಿ, ‘ಬಾ, ಬಾ, ನಾನಿದೀನಿ’ ಎಂದರು.

ಸೀಟಿನಲ್ಲಿ ಕೂತಿದ್ದವಳು ನಾನು. ಗೇರ್ ರಿವರ್ಸಿನಲ್ಲಿತ್ತು. ಕ್ಲಚ್ ಕೆಲಸ ಮಾಡುತ್ತಿರಲಿಲ್ಲ. ಕೀ ತಿರುಗಿಸಿದರೆ ಗಾಡಿ ಹಿಂದಕ್ಕೆ ನುಗ್ಗುತ್ತದೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಮತ್ತೆ ಅಲ್ಲಿ ಯಾಕೆ ನಿಂತರು? ಮೊದಲಿನಿಂದ ಹೇಳುತ್ತೇನೆ.

ಮೂಡಲಪಾಳ್ಯದಲ್ಲಿ ನಮ್ಮದೂ ಚಿಕ್ಕಪ್ಪನದೂ ಅಕ್ಕಪಕ್ಕದ ಮನೆ. ಹೊಲಗಳೆಲ್ಲ ನಾನು ಹುಟ್ಟುವ ಮೊದಲೇ ಲೇಔಟ್ ಆಗಿವೆ. ಉಳಿದದ್ದು ತಾತ ಕೊಂಡ ಟ್ರ್ಯಾಕ್ಟರ್. ಅದು ನಿಂತಿದ್ದು ಚಿಕ್ಕಪ್ಪನ ಪಾಲಿನ ಖಾಲಿ ಸೈಟಿನಲ್ಲಿ. ಈಗ ಅಲ್ಲಿ ಬಾಡಿಗೆ ಮನೆಗಳು ಏಳಬೇಕು. ಪಾಯ ತೋಡಲು ಸೋಮವಾರ ಜೆಸಿಬಿ ಬರುವುದಿತ್ತು.

‘ಅಣ್ಣಾ, ಸಂಜೆ ಒಳಗೆ ಅದಾಗಿ ಅದು ಈಚೆ ಬಂದ್ರೆ ನಿಂದು. ಕೆಂಗೇರಿ ಅಕ್ಕನ ಸೈಟಲ್ಲಿ ಇಟ್ಕೋ’ ಎಂದರು ಚಿಕ್ಕಪ್ಪ. ‘ಇಲ್ಲಾಂದ್ರೆ ಗುಜರಿಯೋರಿಗೆ ಹೇಳಿದೀನಿ. ಕಟ್ಟರ್ ತಂದು ಪೀಸ್ ಮಾಡ್ಕೊಂಡು ಹೋಗ್ತಾರೆ.’

ಅಪ್ಪ ಅಂಗಡಿಗೆ ಹೋದರು. ಹೊಸ ಬ್ಯಾಟರಿ ತಂದರು.

(ನ್ಯೂಟ್ರಲ್‌ನಲ್ಲಿ ತಳ್ಳಬಾರದಿತ್ತೇ ಎನ್ನುವಿರಿ. ಡಾಂಬರಿನ ಮೇಲೆ ಡಾಂಬರು ಬಿದ್ದು ನಮ್ಮ ರಸ್ತೆ ಎಷ್ಟು ಮೇಲೇರಿದೆಯೆಂದರೆ ಸೈಟು ಈಗ ಹಳ್ಳ. ಗೇಟಿನ ಏರು ಹತ್ತಲು ಎಂಜಿನ್ನೇ ಬೇಕು. ಕ್ರೇನ್ ತರೋಣವೆಂದರೆ ಗಲ್ಲಿಯ ತುಂಬ ವೈರು.)

ಎಂಜಿನ್ ಕರಿಹೊಗೆ ಉಗುಳಿ ಶುರುವಾಯಿತು. ಆಪರೇಷನ್ ಆದ ಮಂಡಿಯಲ್ಲಿ ಅಪ್ಪ ಕ್ಲಚ್ ತುಳಿಯಲಾರರು, ಹಾಗಾಗಿ ನಾನು ಹತ್ತಿದೆ. ತುಳಿದೆ. ಗೇರ್ ಹಾಕಲು ಹೋದರೆ ಕರ್‌ರ್‌ ಎಂದು ಹಲ್ಲು ಕಡಿಯಿತು.

‘ಜೋರಾಗಿ ತುಳಿಯೇ!’

‘ಪೂರ್ತಿ ತುಳಿದಿದೀನಿ.’

‘ಇನ್ನೂ ತುಳಿ.’

‘ಇನ್ನು ತುಳಿದ್ರೆ ನಾನೇ ಕೆಳಗೆ ಹೋಗ್ತೀನಪ್ಪ.’

ಎದುರುಮನೆಯ ಅಂಕಲ್ ಕಾಂಪೌಂಡಿನ ಮೇಲೆ ಮೊಣಕೈ ಊರಿ, ‘ಕ್ಲಚ್ ಪ್ಲೇಟ್ ಸವೆದಿರುತ್ತೆ ಬಿಡಿ’ ಎಂದು ತೀರ್ಪು ಕೊಟ್ಟರು. ಸವೆದಿದ್ದರೆ ಜಾರಬೇಕು. ಇದು ಬಿಡುತ್ತಲೇ ಇರಲಿಲ್ಲ. ಎಂಜಿನ್ ಆಫ್ ಮಾಡಿ, ಫೋನಿನಲ್ಲಿ ಓದುತ್ತಾ ಒಂದೊಂದೇ ನೋಡಿದೆ. ಪೆಡಲಿನ ರಾಡ್ ನೆಟ್ಟಗಿತ್ತು. ಅಡಿಯ ಕಿಂಡಿಗೆ ಟಾರ್ಚ್ ಹಿಡಿದು ಚಿಕ್ಕಪ್ಪನಿಂದ ಪೆಡಲ್ ತುಳಿಸಿದರೆ ಒಳಗಿನ ಭಾಗ ಸರಿಯಾಗಿಯೇ ಅಲುಗುತ್ತಿತ್ತು. ಇನ್ನುಳಿದದ್ದು ಒಂದೇ ಸಾಧ್ಯತೆ: ತುಳಿದಾಗ ಎಂಜಿನ್ನಿನಿಂದ ಬೇರ್ಪಡಬೇಕಾದ ಪ್ಲೇಟು ತುಕ್ಕು ಹಿಡಿದು ಅಂಟಿಕೊಂಡಿದೆ.

‘ಕೊನೇ ಸಲ ಯಾವಾಗ ಓಡ್ಸಿದ್ದು?’

‘ವರ್ಷ ವರ್ಷ ಆಯುಧಪೂಜೆಗೆ ಸ್ಟಾರ್ಟ್ ಮಾಡ್ತೀವಲ್ಲೇ.’

‘ಸ್ಟಾರ್ಟ್ ಮಾಡಿದ್ದಲ್ಲ. ಓಡ್ಸಿದ್ದು.’

ಅಪ್ಪ ಚಿಕ್ಕಪ್ಪನ ಮುಖ ನೋಡಿದರು. ಚಿಕ್ಕಪ್ಪ ಆಕಾಶ ನೋಡಿದರು.

ನಮ್ಮ ಮನೆಯ ಆಯುಧಪೂಜೆಯನ್ನು ನೀವು ನೋಡಬೇಕು. ಪಂಪಿನ ಪೈಪು ಹಿಡಿದು, ಸಂದುಗೊಂದು ಬಿಡದೆ, ಅಡಿಯಿಂದಲೂ ಟ್ರ್ಯಾಕ್ಟರಿಗೆ ಸ್ನಾನ. ಆಮೇಲೆ ಅರಿಶಿನ, ಕುಂಕುಮ, ಬಾಳೆಕಂದು, ಬೂದುಗುಂಬಳ. ಬೀದಿಯ ಗಾಡಿಗಳೆಲ್ಲ ನಿಂಬೆಹಣ್ಣಿನ ಮೇಲೆ ಹತ್ತಿ ಇಳಿಯುತ್ತವೆ. ನಮ್ಮದು ಕದಲುವುದಿಲ್ಲ. ಚಿಕ್ಕಪ್ಪನೇ ನಿಂಬೆಹಣ್ಣನ್ನು ಚಕ್ರದ ಪಕ್ಕ ಇಟ್ಟು ಕಲ್ಲಿನಲ್ಲಿ ಜಜ್ಜುತ್ತಾರೆ. ಒಳಗಿಳಿದ ನೀರು ಒಳಗೇ ಉಳಿಯುತ್ತದೆ. ಮುಂದಿನ ದಸರೆಯವರೆಗೆ ಯಾರೂ ಮುಟ್ಟುವುದಿಲ್ಲ.

ಅಂದರೆ ಅದನ್ನು ಕೆಡಿಸಿದ್ದು ನಮ್ಮ ಭಕ್ತಿ. ನಿಮ್ಮ ಮನೆಯ ಬೀರುವಿನ ಮೇಲೂ ಒಂದು ಹಾರ್ಮೋನಿಯಂ ಇರಬಹುದು. ಬಟ್ಟೆ ಹೊದಿಸಿದ ಹೊಲಿಗೆ ಯಂತ್ರ ಇರಬಹುದು. ಒರೆಸಿ, ಹೂ ಇಟ್ಟು, ಕೈ ಮುಗಿಯುತ್ತೀರಿ. ಬಳಸಿ ಎಷ್ಟು ಕಾಲವಾಯಿತು?

ಸರಿಯಾದ ರಿಪೇರಿಯೆಂದರೆ ಗಾಡಿಯನ್ನು ನಡುವೆ ಬಿಚ್ಚಬೇಕು. ಅದಕ್ಕೆ ಸಮಯವಿರಲಿಲ್ಲ. ಇನ್ನೊಂದು ಒರಟು ದಾರಿ: ಎಂಜಿನ್ ಚೆನ್ನಾಗಿ ಕಾಯಿಸಿ, ಆಫ್ ಮಾಡಿ, ಗೇರಿನಲ್ಲಿಟ್ಟು, ಕ್ಲಚ್ ತುಳಿದುಕೊಂಡೇ ಸ್ಟಾರ್ಟ್ ಮಾಡುವುದು. ಗಾಡಿ ನುಗ್ಗುತ್ತದೆ. ಯಾವುದಕ್ಕಾದರೂ ಬಡಿದು ತಡೆದಾಗ ಆ ಹೊಡೆತಕ್ಕೆ ಪ್ಲೇಟು ಕಿತ್ತುಕೊಳ್ಳಬೇಕು. ಕಿತ್ತುಕೊಳ್ಳದಿದ್ದರೆ ಡೀಸೆಲ್ ನಿಲ್ಲಿಸುವ ತಂತಿಯನ್ನು ಎಳೆಯುವುದೊಂದೇ ಗತಿ. (ದಯವಿಟ್ಟು ನೀವು ಮಾಡಬೇಡಿ.)

ಮುಂದೆ ಗೇಟು, ಅದರಾಚೆ ಅಂಕಲ್‌ರ ಹೊಸ ಕಾರು. ಹಿಂದೆ ಹಳೇ ಕೊಟ್ಟಿಗೆಯ ಗೋಡೆ, ಮರುದಿನ ಹೇಗೂ ಕೆಡವುವಂಥದ್ದು. ಎಂಜಿನ್ ಕಾಯಿಸಿ, ಆಫ್ ಮಾಡಿ, ಗೇರ್ ಹಾಕಿ, ‘ರಿವರ್ಸ್’ ಎಂದೆ.

ಆ ಮಾತು ಕಿವಿಗೆ ಬಿದ್ದದ್ದೇ ಅಪ್ಪ ಸೀದಾ ಹಿಂದಕ್ಕೆ ನಡೆದರು. ನಮ್ಮ ಬೀದಿಯಲ್ಲಿ ಯಾವ ಗಾಡಿ ರಿವರ್ಸ್ ತೆಗೆದರೂ ಒಬ್ಬ ಗಂಡಸು ಹಿಂದೆ ನಿಂತು ಕೈ ಬೀಸಲೇಬೇಕಲ್ಲ? ಕ್ಯಾಮೆರಾ ಇರುವ ಕಾರಿಗೂ ಬೀಸುತ್ತಾರೆ. ತಲೆ ಯೋಚಿಸುವ ಮೊದಲೇ ಕಾಲು ಹೋಗಿ ನಿಂತಿರುತ್ತದೆ.

‘ಅಪ್ಪಾ, ಈಚೆ ಬಾ.’

‘ನಾನಿದೀನಿ, ನೀನು ಬಿಡು.’

‘ನೀನಿದೀಯ ಅಂತಾನೇ ಬಿಡ್ತಿಲ್ಲ.’

‘ಸಂಜೆ ಆಗ್ತಾ ಇದೆ ಕಣೇ! ಗುಜರಿಯೋರು ಬಂದ್ಬಿಡ್ತಾರೆ.’

‘ಬರ್ಲಿ. ತಗೊಂಡು ಹೋಗ್ಲಿ.’

ನಾನು ದನಿ ಏರಿಸುವವಳಲ್ಲ. ಅವತ್ತೂ ಏರಿಸಲಿಲ್ಲ. ಕೀ ಕಿತ್ತು ಮುಷ್ಟಿಯಲ್ಲಿ ಹಿಡಿದು ಕೂತೆ. ಅಪ್ಪ ಕದಲಲಿಲ್ಲ. ಅಷ್ಟು ಹೊತ್ತೂ ಗೇಟಿನ ಬಳಿ ಗಡಿಯಾರ ನೋಡುತ್ತಿದ್ದ ಚಿಕ್ಕಪ್ಪ ಬಂದು ಅವರ ರಟ್ಟೆ ಹಿಡಿದು ಎಳೆದರು. ‘ಗಾಡಿ ಮನೆ ಹಾಳಾಗ್ಲಿ, ಬಾರಣ್ಣ ನೀನು!’

ಇಬ್ಬರೂ ಗೇಟು ತಲುಪಿದ ಮೇಲೆ ಕೀ ತಿರುಗಿಸಿದೆ.

ಒದ್ದಂತೆ ಹಿಂದಕ್ಕೆ ಹಾರಿತು. ಎಡಗಾಲು ಪೆಡಲಿನ ಮೇಲೆ, ಬಲಗೈ ತಂತಿಯ ಮೇಲೆ. ದೊಡ್ಡ ಚಕ್ರಗಳು ಗೋಡೆಗೆ ಬಡಿದವು. ಇಟ್ಟಿಗೆಗಳು ಉದುರಿದವು, ಅಪ್ಪ ನಿಂತಿದ್ದ ಜಾಗಕ್ಕೇ. ಎಂಜಿನ್ ತಿಣುಕಿ ಉಸಿರು ಕಟ್ಟುವಂತಾಯಿತು. ತಂತಿ ಎಳೆಯಬೇಕೆನ್ನುವಷ್ಟರಲ್ಲಿ ಕೆಳಗೆಲ್ಲೋ ‘ಟಣ್’.

ಎಂಜಿನ್ ಹಗುರಾಗಿ ಓಡುತ್ತಿತ್ತು. ಚಕ್ರಗಳು ನಿಂತಿದ್ದವು.

ಗೇರ್ ನ್ಯೂಟ್ರಲ್‌ಗೆ ತಂದ ಮೇಲೂ ಪೆಡಲ್ ಬಿಡಲು ನನಗೆ ಬಹಳ ಹೊತ್ತು ಧೈರ್ಯ ಬರಲಿಲ್ಲ. ಉದುರಿದ ಇಟ್ಟಿಗೆಗಳನ್ನು ಅಪ್ಪ ದೂರದಿಂದಲೇ ನೋಡಿದರು. ಚಿಕ್ಕಪ್ಪ ಗುಜರಿಯವರಿಗೆ ಫೋನ್ ಮಾಡಿ ಬರಬೇಡಿ ಎಂದರು. ನಾವು ಕೇಳುವ ಮೊದಲೇ ಅಂಕಲ್ ಕಾರು ತೆಗೆದರು.

ಕೆಂಗೇರಿಯವರೆಗೆ ನಾನೇ ಓಡಿಸಿದೆ. ಅಪ್ಪ ಮಡ್‌ಗಾರ್ಡಿನ ಮೇಲೆ ಕೂತು, ನೋಡಿದವರಿಗೆಲ್ಲ ತಲೆಯಾಡಿಸಿದರು. ಅತ್ತೆಯ ಸೈಟಿನ ಮೂಲೆಯಲ್ಲಿ ನಿಲ್ಲಿಸಿದಾಗ ಅತ್ತೆ, ‘ಇಲ್ಲಿದ್ರೆ ಯಾರಿಗೂ ತೊಂದ್ರೆ ಇಲ್ಲ ಬಿಡು, ಅದರ ಪಾಡಿಗೆ ಅದು ಇರುತ್ತೆ’ ಎಂದರು. ಅಪ್ಪ ಸಮಾಧಾನದಿಂದ ಹೂಂಗುಟ್ಟಿದರು.

ಗುಜರಿಯಿಂದ ಉಳಿಸಲು ಒಂದು ಭಾನುವಾರ ಸಾಕಾಯಿತು. ಇನ್ನು ಪ್ರತಿ ಭಾನುವಾರ ಅದನ್ನು ಓಡಿಸುವವರು ಯಾರು?