ಮೂರು ಅಂಗಡಿಯ ಗುಟ್ಟು, ಒಂದು ಕಿಟಕಿ ಸೀಟು

ಒಂದಕ್ಕಿಂತ ಹೆಚ್ಚು ಅಂಗಡಿ ಇಟ್ಟವರಿಗೆ ನನ್ನದೊಂದು ಬುದ್ಧಿಮಾತಿದೆ: ನಿಮ್ಮವರ ನಡುವೆ ಬಹುಮಾನ ಇಡಬೇಡಿ. ಇಟ್ಟರೂ ವಿಮಾನದ ಟಿಕೆಟ್ ಇಡಬೇಡಿ. ನಾನು ಇಟ್ಟೆ, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮದು ಮ್ಯಾಚಿಂಗ್ ಸೆಂಟರ್. ಸೀರೆ ತಂದವರಿಗೆ ಅದಕ್ಕೊಪ್ಪುವ ಬ್ಲೌಸ್ ಬಟ್ಟೆ, ಲೈನಿಂಗು, ಫಾಲ್ಸು ಕೊಡುವ ಅಂಗಡಿ. ಮೊದಲನೆಯದನ್ನು ಹೊಸಕೋಟೆ ಬಸ್ ಸ್ಟ್ಯಾಂಡಿನ ಹತ್ತಿರ, ರಸ್ತೆ ಬದಿಯಲ್ಲಿ ಒಂದು ಕಬ್ಬಿಣದ ಮಂಚದ ಮೇಲೆ ಬಟ್ಟೆ ಹರಡಿಕೊಂಡು ಶುರು ಮಾಡಿದ್ದೆ. ಆಮೇಲೆ ಅಲ್ಲೇ ಮಳಿಗೆ ಹಿಡಿದೆ. ದೇವನಹಳ್ಳಿಯಲ್ಲಿ ವಿಮಾನ ಹಾರತೊಡಗಿದ ಮೇಲೆ ಅಲ್ಲೊಂದು ತೆಗೆದು ವಾರಗಿತ್ತಿಯನ್ನು ಕೂರಿಸಿದೆ. ದಾಬಸ್‌ಪೇಟೆಯ ಕಾರ್ಖಾನೆಗಳಿಗೆ ಹೋಗಿಬರುವ ಹೆಣ್ಣುಮಕ್ಕಳನ್ನು ಕಂಡು ಮೂರನೆಯದನ್ನು ತೆಗೆದು ನಾದಿನಿಗೆ ವಹಿಸಿದೆ. ಮೂರಕ್ಕೂ ಒಂದೇ ಬೋರ್ಡು, ಒಂದೇ ಬಣ್ಣದ ಚೀಲ. ಸೂರತ್ತಿಗೆ ಹೋಗಿ ಸರಕು ತರುವುದು ಮಾತ್ರ ನನ್ನ ಕೆಲಸ. ಅಲ್ಲಿಯ ವ್ಯಾಪಾರಿ ಕ್ಯಾಲ್ಕುಲೇಟರ್ ನನ್ನ ಕಡೆ ತಿರುಗಿಸಿದರೆ ನಾನು ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ. ಎರಡನೇ ಕಾಲು ಚಪ್ಪಲಿಗೆ ಹೋಗುವಷ್ಟರಲ್ಲಿ ಅವನು ರೇಟು ಇಳಿಸುತ್ತಿದ್ದ.

ಹೀಗಿರುವಾಗ ಒಂದು ವರ್ಷ, ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ತಿಂಗಳಿದೆ ಅನ್ನುವಾಗ, ಹೊಸಕೋಟೆಯ ನಮ್ಮ ಅಂಗಡಿಯ ಎದುರಿಗೇ ಒಂದು ದೊಡ್ಡ ಗಾಜಿನ ಅಂಗಡಿ ಬಂತು. ಊರೂರಲ್ಲಿ ಮಳಿಗೆ ಇರುವ ಕಂಪನಿ. ಒಳಗೆ ಎಸಿ, ಬಾಗಿಲಲ್ಲಿ ಸಲ್ಯೂಟ್ ಹೊಡೆಯುವ ಸೆಕ್ಯೂರಿಟಿ. ನಮ್ಮ ಗಿರಾಕಿಗಳು ನನ್ನನ್ನು ನೋಡದವರ ಹಾಗೆ ಆ ಕಡೆ ದಾಟಿ ಹೋಗತೊಡಗಿದರು. ನನ್ನ ಯಜಮಾನರು, “ಈ ಹಬ್ಬ ನೋಡೋಣ. ಆಗಲಿಲ್ಲ ಅಂದ್ರೆ ಬಾಗಿಲು ಹಾಕಿ ಸರಕೆಲ್ಲ ದೇವನಹಳ್ಳಿಗೆ ಸಾಗಿಸ್ಬಿಡೋಣ” ಅಂದರು. ಮಂಚದಿಂದ ಮೇಲೆ ಬಂದ ಅಂಗಡಿ ಅದು. ನನಗೆ ಊಟ ಸೇರಲಿಲ್ಲ.

ನಾನು ಎರಡು ಉಪಾಯ ಮಾಡಿದೆ. ನಮಗೂ ಗಾಜಿನ ಬಾಗಿಲು ಹಾಕಿಸಿ, ಕಣ್ಣು ಕುಕ್ಕುವ ಬಿಳಿ ದೀಪ ಹಾಕಿಸಿದೆ. ಮತ್ತೆ, ಹಬ್ಬದೊಳಗೆ ಮೂರರಲ್ಲಿ ಯಾವ ಅಂಗಡಿ ಹೆಚ್ಚು ಮಾರುತ್ತದೋ ಆ ಅಂಗಡಿಯವರು ನನ್ನ ಜೊತೆ ವಿಮಾನದಲ್ಲಿ ಮುಂಬಯಿಗೆ, ಅಲ್ಲಿಂದ ರೈಲಿನಲ್ಲಿ ಸೂರತ್ತಿಗೆ ಖರೀದಿಗೆ ಬರಬಹುದು ಎಂದು ಸಾರಿದೆ. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ವಿಮಾನ ಹತ್ತಿರಲಿಲ್ಲ. ನಾನೂ ರೈಲಿನವಳೇ.

“ನಿಜವಾಗ್ಲೂ ವಿಮಾನದಲ್ಲಾ ಅತ್ತಿಗೆ?” ಅಂದಳು ನಾದಿನಿ.

“ಹೂಂ ಕಣೇ. ಗೆದ್ದು ತೋರ್ಸು.”

ಅಂದಿನಿಂದ ಇಬ್ಬರ ಬಾಯಿಗೂ ಬೀಗ ಬಿತ್ತು. ಮೊದಲು ದಿನಾ ಸಂಜೆ ಫೋನಿನಲ್ಲಿ, ಇಲ್ಲಿ ಗಿಣಿಹಸಿರು ಕೇಳ್ತಿದಾರೆ, ಅಲ್ಲಿ ಬದನೆಕಾಯಿ ಬಣ್ಣ ಖಾಲಿ ಎಂದೆಲ್ಲ ಹರಟುತ್ತಿದ್ದವರು, ಈಗ ಏನು ಕೇಳಿದರೂ “ಏನೋ ನಡೀತಿದೆ, ದೇವರ ದಯೆ” ಅನ್ನುತ್ತಿದ್ದರು. ವ್ಯಾಪಾರದಲ್ಲಿ ದೇವರ ಹೆಸರು ಬಂತೆಂದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದೇ ತಿಳಿಯಿರಿ.

ಇತ್ತ ಹೊಸಕೋಟೆಯಲ್ಲಿ ಕೊಂಡವರೂ ಬಟ್ಟೆ ವಾಪಸ್ ತರತೊಡಗಿದರು. “ಇಲ್ಲಿ ಸರಿಯಾಗೇ ಕಾಣ್ತಿತ್ತಲ್ಲಕ್ಕ, ಮನೆಗೆ ಹೋದ್ರೆ ಬಣ್ಣಾನೇ ಬೇರೆ.” ಬೆಳಿಗ್ಗೆ ಇಬ್ಬರು, ಮಧ್ಯಾಹ್ನ ಮೂವರು.

ಇದನ್ನೆಲ್ಲ ಮೂಲೆಯ ಕುರ್ಚಿಯಿಂದ ನಮ್ಮ ಅತ್ತೆ ನೋಡುತ್ತಿದ್ದರು. ಅವರದು ಒಂದೊಂದು ವಾರ ಒಂದೊಂದು ಮನೆ. ಯಾವ ಮನೆಯಲ್ಲಿದ್ದರೆ ಆ ಅಂಗಡಿಗೆ ಬಂದು ಗಿರಾಕಿಗಳ ಸೀರೆಗೆ ಕೈಯಲ್ಲೇ ಫಾಲ್ಸು ಹೊಲಿದುಕೊಡುತ್ತಿದ್ದರು. ಆ ವಾರ ದೇವನಹಳ್ಳಿಯಿಂದ ಒಂದು ಚಕ್ಕೋತ ಹೊತ್ತುಕೊಂಡು ಬಂದಿದ್ದರು.

“ದೇವನಹಳ್ಳೀಲಿ ಒಂದೂ ವಾಪಸ್ ಬರಲ್ಲ ಕಣಮ್ಮ,” ಅಂದರು, ಹಣ್ಣಿನ ತೊಳೆ ಬಿಡಿಸುತ್ತಾ.

“ಯಾಕತ್ತೆ?”

“ನಂಗೇನ್ ಗೊತ್ತು. ನಾನು ಫಾಲ್ಸ್ ಹೊಲಿಯೋಳು.”

ಆ ದನಿ ನನಗೆ ಗೊತ್ತು. ಸೂರತ್ತಿನ ವ್ಯಾಪಾರಿ ಒಳ್ಳೆ ಮಾಲನ್ನು ಒಳಗಿಟ್ಟಾಗ ಮಾತಾಡುವ ದನಿ.

“ಏನ್ ಬೇಕು ಹೇಳಿ. ಮೈಸೂರು ಸಿಲ್ಕ್ ಕೊಡಿಸ್ಲಾ?”

“ಐತಲ್ಲ.”

“ಕಿವಿಗೆ ಓಲೆ?”

“ಈ ಮುದಿ ಕಿವಿಗೆ ಯಾಕಮ್ಮ ಓಲೆ.”

ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಒಂದು ಕಾಲು. ಎರಡನೇ ಕಾಲು.

“ಹೊರಗ್ ಹೋಗ್ತಿದೀಯಾ? ಬರ್ತಾ ಕಾಫಿಪುಡಿ ತಗೊಂಡ್ ಬಾ,” ಅಂದರು ಅತ್ತೆ.

ಚಪ್ಪಲಿ ಬಿಟ್ಟು ಬಂದು ಕೂತೆ. “ಸರಿ, ನೀವೇ ಹೇಳಿ.”

“ವಿಮಾನದ ಟಿಕೆಟ್ಟು. ಕಿಟಕಿ ಪಕ್ಕ.”

“ಅದು ಗೆದ್ದೋರಿಗಲ್ವಾ ಅತ್ತೆ?”

“ಗೆದ್ದೋರಿಗೆ ಇನ್ನೊಂದ್ ತಗೊಳ್ಳವ್ವ. ನಿನ್ನಂಗಡಿ ಉಳೀಬೇಕೋ ಬೇಡ್ವೋ?”

ಒಪ್ಪಿದೆ. ಅತ್ತೆ ಬಾಯಲ್ಲಿದ್ದ ತೊಳೆ ನುಂಗಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಶುರು ಮಾಡಿದರು. ದೇವನಹಳ್ಳಿಯಲ್ಲಿ ವಾರಗಿತ್ತಿ ಅಂಗಡಿಯ ಹೊರಗೆ ಬೆಂಚು ಹಾಕಿ, ಅದರ ಮೇಲೆ ಬಿಳಿ ಪಂಚೆ ಹಾಸಿದ್ದಾಳೆ. ಸೀರೆಯನ್ನೂ ಬಟ್ಟೆಯನ್ನೂ ಬಿಸಿಲಲ್ಲಿ ಅದರ ಮೇಲೆ ಪಕ್ಕಪಕ್ಕ ಇಟ್ಟು ತೋರಿಸಿದ ಮೇಲೇ ಕತ್ತರಿ ಹಾಕುತ್ತಾಳೆ. ದಾಬಸ್‌ಪೇಟೆಯ ಹೆಣ್ಣುಮಕ್ಕಳಿಗೆ ಕಂಪನಿ ಬಸ್ಸಿನ ಅವಸರ. ಅದಕ್ಕೆ ನಾದಿನಿ ಸೀರೆಯನ್ನೇ ಇಟ್ಟುಕೊಂಡು, ಚೀಟಿ ಸಿಕ್ಕಿಸಿ, ಮಾರನೇ ದಿನಕ್ಕೆ ಬಟ್ಟೆ ಹೊಂದಿಸಿ ಇಟ್ಟಿರುತ್ತಾಳೆ.

“ನೀನು ಮಂಚ ಹಾಕ್ಕೊಂಡಿದ್ದಾಗ ಬಿಸಿಲಲ್ಲೇ ತಾನೆ ಮಾರ್ತಿದ್ದೆ?” ಅಂದರು ಅತ್ತೆ. “ಎದುರುಗಡೆಯೋರ್ನ ನೋಡಿ ಗಾಜು, ಬಿಳಿ ದೀಪ ಹಾಕಿಸ್ಕೊಂಡು ಒಳಗ್ ಸೇರ್ಕೊಂಡೆ.”

“ಇದನ್ನ ನನಗೊಂದು ಮಾತು ಹೇಳಬಾರದಾ ಅವರು?”

“ನೀನೇನ್ ಕಮ್ಮಿನಾ? ಲೈನಿಂಗ್ ನೆನೆಹಾಕಿ ಒಣಗಿಸಿ ಮಾರ್ತೀಯಲ್ಲ, ಅವರಿಗೆ ಹೇಳಿದೀಯಾ?”

ಹೇಳಿರಲಿಲ್ಲ. ಹಾಗೆ ಒಗೆದು ಕೊಟ್ಟ ಲೈನಿಂಗು ಆಮೇಲೆ ಕುಗ್ಗುವುದಿಲ್ಲ, ಬ್ಲೌಸ್ ಬಿಗಿಯಾಗುವುದಿಲ್ಲ. ಟೈಲರುಗಳು ಅದಕ್ಕಾಗಿಯೇ ನನ್ನ ಅಂಗಡಿಗೆ ಗಿರಾಕಿ ಕಳಿಸುತ್ತಿದ್ದರು. ಮಹಡಿಯ ಮೇಲೆ ಒಣಗಿಸುವಾಗ ಯಾರಾದರೂ ಕೇಳಿದರೆ ದೀಪಾವಳಿಗೆ ಮನೆ ಪರದೆ ಒಗೆದೆ ಅನ್ನುತ್ತಿದ್ದೆ, ಜುಲೈ ತಿಂಗಳಲ್ಲಿ.

“ಚಿಂತೆ ಬಿಡು. ಅದನ್ನ ಇಬ್ಬರಿಗೂ ನಾನೇ ಹೇಳಿದೀನಿ,” ಅಂದರು ಅತ್ತೆ.

“ಯಾವಾಗ?”

“ಈ ಚಕ್ಕೋತ ಸುಮ್ನೆ ಬಂತು ಅನ್ಕೊಂಡ್ಯಾ? ಮಗಳು ಒಂದು ಡಬ್ಬಿ ತುಪ್ಪ ಕೊಟ್ಟವಳೆ.”

ಮಾರನೇ ದಿನವೇ ಯಜಮಾನರ ಹೊಸ ಪಂಚೆ ಬೆಂಚಿನ ಮೇಲೆ ಬಂತು. ಸೀರೆ ಬಿಟ್ಟುಹೋಗಿ, ನಾಳೆ ಬನ್ನಿ ಎಂದು ಬೋರ್ಡು ಬರೆಸಿದೆ. ವಾಪಸ್ ಬರುವುದು ನಿಂತಿತು. ಎಂಟು ದಿನಕ್ಕೆ ಎದುರಿನ ಗಾಜಿನಂಗಡಿಯ ಮ್ಯಾನೇಜರು ರಸ್ತೆ ದಾಟಿ ಬಂದು, ಬೆಂಚನ್ನೂ ಪಂಚೆಯನ್ನೂ ಚೆನ್ನಾಗಿ ನೋಡಿಕೊಂಡು ಹೋದರು. ಮರುದಿನ ಅವರ ಬಾಗಿಲಲ್ಲೂ ಬೆಂಚು, ನಮ್ಮದಕ್ಕಿಂತ ಬಿಳಿಯ ಪಂಚೆ.

ಹನ್ನೊಂದು ಗಂಟೆಗೆ ಒಬ್ಬ ಹೆಂಗಸು ಅಲ್ಲಿಂದ ಬಟ್ಟೆ ಹಿಡಿದು ಬಿಸಿಲಿಗೆ ಹೊರಟರು. ಬಾಗಿಲಲ್ಲಿದ್ದ ಕಳ್ಳರನ್ನು ಹಿಡಿಯುವ ಯಂತ್ರ ಕೀಂ ಎಂದು ಕಿರುಚಿತು. ಸೆಕ್ಯೂರಿಟಿ ಅಡ್ಡ ಬಂದ. ಬಿಲ್ ಆಗದ ಬಟ್ಟೆ ಹೊಸ್ತಿಲು ದಾಟುವ ಹಾಗಿಲ್ಲವಂತೆ, ಬೆಂಗಳೂರಿನ ಆಫೀಸಿನ ಕಾನೂನು. ಆಯಮ್ಮ ಬಟ್ಟೆಯನ್ನು ಅವನ ಕೈಗೆ ತುರುಕಿ ನೆಟ್ಟಗೆ ನಮ್ಮಲ್ಲಿಗೆ ಬಂದರು.

“ನಾನು ಕಳ್ಳಿ ಥರ ಕಾಣ್ತೀನಾ ಅಮ್ಮ?”

“ಬನ್ನಿ ಬನ್ನಿ, ಇಡೀ ಥಾನನ್ನೇ ಹೊರಗೆ ತಗೊಂಡ್ ಹೋಗಿ ನೋಡಿ,” ಅಂದೆ.

ನಮ್ಮ ಗುಟ್ಟನ್ನು ಅವರು ಒಂದೇ ದಿನದಲ್ಲಿ ಕಲಿತರು. ಗಿರಾಕಿಯ ಕೈಯಲ್ಲಿ ಬಟ್ಟೆ ಕೊಟ್ಟು ಹೊಸ್ತಿಲಾಚೆ ಕಳಿಸುವ ಅಭ್ಯಾಸ ಮಾತ್ರ ಅವರ ಕೈಲಾಗಲಿಲ್ಲ. ಅಂಗಡಿ ಇಡುವವರು ಇದನ್ನು ಬರೆದಿಟ್ಟುಕೊಳ್ಳಿ, ಇದಕ್ಕೆ ನಾನು ಚಕ್ಕೋತ ಕೇಳುವುದಿಲ್ಲ.

ಹಬ್ಬ ಮುಗಿದಾಗ ಹೊಸಕೋಟೆಯ ಬಾಗಿಲು ತೆರೆದೇ ಇತ್ತು. ಬಹುಮಾನ ನಾದಿನಿಗೆ ಹೋಯಿತು. ವಾರಗಿತ್ತಿ ಮುಖ ಊದಿಸಿಕೊಂಡಳು, ಮುಂದಿನ ಖರೀದಿಗೆ ನೀನೇ ಎಂದು ಮಾತು ಕೊಟ್ಟ ಮೇಲೆ ಊಟಕ್ಕೆ ಎದ್ದಳು. ಅಂದು ಊಟದ ಎಲೆಯ ಮುಂದೆಯೇ ಮೂವರೂ ನಮ್ಮ ಗುಟ್ಟುಗಳನ್ನು ಬಿಚ್ಚಿದೆವು. ಎಲ್ಲರಿಗೂ ಎಲ್ಲವೂ ಮೊದಲೇ ಗೊತ್ತಿತ್ತು. ಅತ್ತೆ ತಲೆ ಎತ್ತದೆ ಪಾಯಸ ಕುಡಿಯುತ್ತಿದ್ದರು.

ವಿಮಾನದಲ್ಲಿ ಕಿಟಕಿ ಪಕ್ಕ ಅತ್ತೆ, ಮಧ್ಯದಲ್ಲಿ ಅಪರಿಚಿತ ಹೆಂಗಸೊಬ್ಬರು, ಈ ತುದಿಯಲ್ಲಿ ನಾನು, ಹಿಂದಿನ ಸಾಲಿನಲ್ಲಿ ನಾದಿನಿ. ಮೇಲೆ ಹಾರುವವರೆಗೆ ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ಹಾರಿದ ಮೇಲೆ ಕಿಟಕಿಯ ಕಡೆ ತಿರುಗಿಯೂ ನೋಡದೆ, ಚೀಲದಿಂದ ಚಕ್ಕೋತದ ತೊಳೆ ತೆಗೆದು ಪಕ್ಕದವರ ಕೈಗಿಟ್ಟು, ತೆಲುಗಿನಲ್ಲಿ ಮಾತಿಗಿಳಿದರು. ಪಂಚೆ ಎಂಬ ಮಾತು ನನ್ನ ಕಿವಿಗೆ ಬಿತ್ತು.

“ಅತ್ತೆ, ನಮ್ಮದೆಲ್ಲ ಯಾಕೆ ಹೇಳ್ತಿದೀರಾ?”

“ಸುಮ್ನಿರು. ಅನಂತಪುರದಲ್ಲಿ ಇವರದು ನಾಕು ಬಟ್ಟೆ ಅಂಗಡಿ ಐತಂತೆ,” ಅಂದರು ಅತ್ತೆ, ಇನ್ನೊಂದು ತೊಳೆ ಬಿಡಿಸುತ್ತಾ. “ನಾವು ಒಂದು ಹೇಳಿದ್ರೆ ತಾನೆ ಅವರು ಒಂದು ಹೇಳೋದು.”