ಹಕ್ಕಲಾಯುವ ಹಾಡು

ತೆಲಂಗಾಣದ ಮಕ್ತಲ್ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದಾಗ ಶೇಖಮ್ಮನಿಗೆ ಒಂದು ಪ್ರಾರ್ಥನೆಯೂ ಬರುತ್ತಿರಲಿಲ್ಲ. ಬೈಬಲನ್ನೆಲ್ಲ ಕಲಿಸಿದವಳು ಅತ್ತೆ ಬುಚ್ಚಮ್ಮ, ಅದೂ ಹೊಲದಲ್ಲಿ. ರಾಯಚೂರು ಕಡೆಯ ಬುಚ್ಚಮ್ಮ ಓದು ಬಾರದವಳು. ಭಾನುವಾರ ಚರ್ಚಿನಲ್ಲಿ ಕೇಳಿದ ಕಥೆಯನ್ನು ಸೋಮವಾರ ಕಳೆ ಕೀಳುತ್ತ ಹಾಡಾಗಿ ಕಟ್ಟುವಳು. ಪಕ್ಕದ ಸಾಲಿನಲ್ಲಿ ಕೂತ ಸೊಸೆ ದನಿಗೂಡಿಸುವಳು.

ಈಗ ಶೇಖಮ್ಮನಿಗೇ ಮೊಮ್ಮಗಳಿದ್ದಾಳೆ. ಚರ್ಚಿನಲ್ಲಿ ತೆಲುಗು ಹಾಡು, ಕೀಬೋರ್ಡು. ಒಂದು ದಿನ ಪಾಸ್ಟರ್ ಸಾಯಿಕುಮಾರ್ ಕೇಳಿಕೊಂಡ: "ಅಮ್ಮಾ, ನಿಮ್ಮತ್ತಿ ಕಟ್ಟಿದ ಹಾಡು ಮಕ್ಕಳಿಗಿ ಕಲಸ್ರಿ. ನಿಮ್ಮ ಹಿಂದ ಯಾರು ಹಾಡ್ತಾರ?"

"ನಾ ಎಲ್ಲಿಗಿ ಹೊಂಟೀನಪ್ಪ? ಇನ್ನಾ ಸೇಂಗಾ ಕಡಿಯೂ ಹಲ್ಲು ಅದಾವ!" ಎಂದು ನಕ್ಕಳಾದರೂ, ಶನಿವಾರ ಮಕ್ಕಳ ಮುಂದೆ ಕೂತು ಗಂಡ ಸತ್ತ ಮೇಲೂ ಅತ್ತೆಯ ಕೈಬಿಡದೆ ಪರರ ಹೊಲದಲ್ಲಿ ದುಡಿದು ಸಾಕಿದ ಬೈಬಲಿನ ಸೊಸೆ ರೂತಳ ಹಾಡು ಎತ್ತಿಕೊಂಡಳು.

"ಹಕ್ಕಲಾಯೋ ಹೆಣ್ಣಮಗಳ, ಹಸದು ಕುಂತಾಳ ನಿನ್ನತ್ತಿ..."

ಮಕ್ಕಳು ಆಕಳಿಸಿದರು. ಮೊಮ್ಮಗಳು ಶಿರೀಷಾ ತೆಲುಗಿನಲ್ಲಿ ಕೇಳಿದಳು, "ಅವ್ವಾ, ಹಕ್ಕಲು ಅಂಟೇ ಏಮಿಟಿ?"

ಶೇಖಮ್ಮ ಹಾಡು ನಿಲ್ಲಿಸಿಬಿಟ್ಟಳು. ಹಕ್ಕಲೆಂದರೇನೆಂದೇ ಗೊತ್ತಿಲ್ಲದವರಿಗೆ ರೂತಳು ಹೇಗೆ ಗೊತ್ತಾದಾಳು?

ಮುಂದಿನ ಶನಿವಾರ ಮಕ್ಕಳನ್ನೆಲ್ಲ, ಹಿಂದೆ ತಾನು ಅತ್ತೆಯೊಡನೆ ಕೂಲಿಗೆ ಹೋಗುತ್ತಿದ್ದ ನಾಗಪ್ಪನ ಹೊಲಕ್ಕೆ ಕರೆದೊಯ್ದಳು. ಹಿಂದಿನ ದಿನವಷ್ಟೇ ಸೇಂಗಾ ಕಿತ್ತಿದ್ದರು. "ಒಕ್ಕಲಿಗ ಬಿಟ್ಟು ಹೋದ ಕಾಯಿ ಆರಿಸಿಕೊಳ್ಳೂದೇ ಹಕ್ಕಲು. ಕೆದರ್ರಿ!"

ಮಕ್ಕಳು ಕೋಳಿಗಳ ಹಾಗೆ ಮಣ್ಣು ಕೆದರತೊಡಗಿದರು. ಅಷ್ಟರಲ್ಲಿ ಹಣೆಗೆ ವಿಭೂತಿ ಬಳಿದ ನಾಗಪ್ಪನೇ ಬದುವಿನ ಮೇಲೆ ಬಂದು ನಿಂತ. ಎಲ್ಲರ ಕೈ ನಿಂತಿತು.

"ಯಾಕ ನಿಂತ್ರಿ? ಆರಸ್ರಿ," ಎಂದು ಶೇಖಮ್ಮನ ಕಡೆ ತಿರುಗಿದ. "ಬುಚ್ಚಮ್ಮನ ಹಾಡು ಎಲ್ಲೈತಿ? ಆಕಿ ಹಾಡಾಕ ಹತ್ತಿದ್ರ ನಮ್ಮವ್ವ ಬುತ್ತಿ ಬಿಟ್ಟು ಕೇಳ್ತಿದ್ಲು."

ಶೇಖಮ್ಮ ಹಾಡಿದಳು. ನಡುವೆ ಒಂದು ಕಡೆ ತಡವರಿಸಿದಳು. ರೂತಳಿಗಾಗಿ ಹೊಲದ ಒಡೆಯ ತನ್ನ ಆಳುಗಳಿಗೆ ಹೇಳುವ ಸಾಲು ಅವಳಿಗೆ ಎಂದೋ ಮರೆತುಹೋಗಿತ್ತು. ನಾಗಪ್ಪ ಒಡಕು ದನಿಯಲ್ಲಿ ಎತ್ತಿಕೊಟ್ಟ:

"ಕೈ ಸಡಲ ಬಿಡ್ರಿ ಆಳುಗಳ್ರಿ, ಬೇಕಂತ ತೆನಿ ಉದುರಿಸ್ರಿ..."

"ಅಯ್ಯ, ಇದು ನಿಮಗ ಹ್ಯಾಂಗ ಗೊತ್ತರೀ?"

"ನಮ್ಮವ್ವ ಇದನ್ನ ಹಾಡಿ ಹಾಡಿ, ಬಡವರಿಗಿ ಒಂದೀಟು ಬಿಡ್ರಿ ಅಂತ ನಮ್ಮಪ್ಪನ್ನ ಕಾಡತಿದ್ಲು. ಅವತ್ತಿಂದ ನಮ್ಮ ಹೊಲದಾಗ ಬದುವಿನ ಕಡಿ ಸಾಲು ಕೀಳಂಗಿಲ್ಲ. ಹೋಗ್ರಿ, ಅಲ್ಲಿ ಬಾಳ ಐತಿ!"

ಮಕ್ಕಳು ಕೇಕೆ ಹಾಕಿ ಓಡಿದರು. ಶೇಖಮ್ಮ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ತನ್ನತ್ತೆಯ ಮಾತು ಈ ಶಿವಭಕ್ತರ ಮನೆಯಲ್ಲಿ ಇಷ್ಟು ವರ್ಷ ಬದುಕಿತ್ತಲ್ಲ ಎಂದು ಅವಳ ಎದೆ ತುಂಬಿ ಬಂದಿತ್ತು.

ಈಸ್ಟರ್ ದಿನ ಮಕ್ಕಳು ತೆಲುಗಿನ ಎಳೆತದಲ್ಲೇ ಕನ್ನಡದ ಹಾಡನ್ನು ಪೂರ್ತಿ ಹಾಡಿದರು. ಶಿರೀಷಾ ಕೀಬೋರ್ಡು ನುಡಿಸಿದಳು. ಆಮೇಲೆ ಮುಂದಿನ ಹಾಡು ದೊಡ್ಡ ಮೀನು ನುಂಗಿದ ಯೋನನದು ಎಂದು ತಿಳಿದದ್ದೇ ತಡ, ಕೃಷ್ಣಾ ಹೊಳೆಗೇ ಹೋಗಿ ಕಲಿಯಬೇಕೆಂದು ಎಲ್ಲರೂ ಹಠ ಹಿಡಿದರು.

"ಪಾಸ್ಟರೇ, ಹಾಡು ಕಲಸ್ರಿ ಅಂದವ್ರು ನೀವು," ಎಂದಳು ಶೇಖಮ್ಮ. "ಹೊಳಿಗಿ ಹೋಗಾಕ ಟ್ರ್ಯಾಕ್ಟರ್ ನೀವೇ ನೋಡ್ರಿ!"